ತೂಬು ಯಾರದು, ನೀರಗಂಟಿ ಯಾರು?

ಕಂಪೆನಿಗಳು ಕೊಡುವ ದಾನವನ್ನು ನಾವು ಅನುಮಾನದಿಂದ ನೋಡುವುದು ಸಹಜ. ವರ್ಷಗಟ್ಟಲೆ ಬೀಗ ಹಾಕಿಟ್ಟ ತಂತ್ರಾಂಶವೊಂದನ್ನು ಒಂದು ಬೆಳಿಗ್ಗೆ ದೊಡ್ಡ ಕಂಪೆನಿಯೊಂದು ‘ಇನ್ನು ಇದು ಎಲ್ಲರದು’ ಎಂದು ಹೊರಗಿಟ್ಟರೆ ಎರಡು ದನಿಗಳು ಏಳುತ್ತವೆ. ಜ್ಞಾನದ ಬಾಗಿಲು ತೆರೆಯಿತು ಎಂಬುದು ಒಂದು ದನಿ. ತಮ್ಮ ಸಮಯ ಸುರಿದು, ಸಂಬಳವಿಲ್ಲದೆ ಮುಕ್ತ ತಂತ್ರಾಂಶ ಬರೆಯುತ್ತಿದ್ದವರ ಕಾಲ ಕೆಳಗಿನ ನೆಲ ಕುಸಿಯಿತು ಎಂಬುದು ಇನ್ನೊಂದು. ಈ ಎರಡರಲ್ಲಿ ಯಾವುದು ಸರಿ ಎಂಬ ಪ್ರಶ್ನೆ ಕಂಪ್ಯೂಟರಿನವರಿಗೆ ಮಾತ್ರ ಸಂಬಂಧಿಸಿದ್ದು ಎಂದು ನಮಗೆ ಅನ್ನಿಸುವುದಿಲ್ಲ. ಕೊಡುವುದು ಎಂದರೇನು, ಪಡೆದವನ ಮೇಲೆ ಏನು ಋಣ ಬೀಳುತ್ತದೆ, ಎಲ್ಲರದ್ದಾದ ವಸ್ತುವನ್ನು ಕಾಯುವವರು ಯಾರು ಎಂಬ ಹಳೆಯ ಪ್ರಶ್ನೆಗಳೇ ಇಲ್ಲಿ ಹೊಸ ಅಂಗಿ ತೊಟ್ಟು ನಿಂತಿವೆ.

ಮೊದಲು ಮಾತು ಸ್ಪಷ್ಟವಾಗಲಿ. ನಾಗಮಂಗಲದಲ್ಲಿ ಹಿತ್ತಾಳೆ, ಕಂಚಿನ ವಿಗ್ರಹ ಎರಕ ಹೊಯ್ಯುವ ಕುಶಲಕರ್ಮಿಗಳಿದ್ದಾರೆ. ಅವರಿಂದ ವಿಗ್ರಹ ಕೊಂಡವನಿಗೆ ವಿಗ್ರಹ ಸಿಗುತ್ತದೆ, ಎರಕದ ವಿದ್ಯೆ ಸಿಗುವುದಿಲ್ಲ. ಮೇಣದ ಅಚ್ಚು ಹೇಗಿರಬೇಕು, ಮಣ್ಣಿನ ಹದ ಯಾವುದು, ಲೋಹ ಎಷ್ಟು ಕಾಯಬೇಕು ಎಂಬುದು ಕುಲುಮೆಯ ಬಳಿಯೇ ಉಳಿಯುತ್ತದೆ. ನಮ್ಮ ಕಂಪ್ಯೂಟರಿನಲ್ಲಿ ಓಡುವ ತಂತ್ರಾಂಶ ಆ ವಿಗ್ರಹದ ಹಾಗೆ. ಸೋರ್ಸ್ ಕೋಡ್ ಎಂಬುದು ಎರಕದ ವಿದ್ಯೆಯ ಹಾಗೆ. ಕೋಡ್ ಕೈಗೆ ಬಂದವನು ತಂತ್ರಾಂಶವನ್ನು ಬಳಸುವುದಷ್ಟೇ ಅಲ್ಲ, ಬಿಚ್ಚಿ ನೋಡಬಲ್ಲ, ತಿದ್ದಬಲ್ಲ, ತನ್ನ ಭಾಷೆಗೆ ಒಗ್ಗಿಸಬಲ್ಲ. ಹಾಗೆ ಮಾಡಲು ಅವನಿಗೆ ಹಕ್ಕೂ ಇರಬೇಕು. ಆ ಹಕ್ಕನ್ನು ಬರೆದುಕೊಡುವ ಪತ್ರಕ್ಕೇ ಲೈಸೆನ್ಸ್ ಎನ್ನುವುದು.

ಇಂಥ ಒಂದು ಪತ್ರ ಕಲ್ಲಿನಲ್ಲಿ ಕೆತ್ತಿದ್ದು ಶ್ರೀರಂಗಪಟ್ಟಣದ ಸಮೀಪವೇ ಇದೆ. ಕನ್ನಂಬಾಡಿ ಕಟ್ಟೆಯ ಹೆಬ್ಬಾಗಿಲ ಬಳಿ ನಿಲ್ಲಿಸಿರುವ ಟಿಪ್ಪು ಸುಲ್ತಾನನ ಪರ್ಷಿಯನ್ ಶಾಸನ ಅದು. 1911ರಲ್ಲಿ ಅಣೆಕಟ್ಟಿನ ಕೆಲಸ ಶುರುವಾದಾಗ ಸಿಕ್ಕಿದ್ದು, 1794ರ ಸುಮಾರಿನದು. ಬೃಂದಾವನ ನೋಡಲು ಹೋಗುವ ಬಹಳ ಜನ ಅದರ ಪಕ್ಕದಲ್ಲೇ ಹಾದುಹೋಗುತ್ತಾರೆ. ರಾಜಧಾನಿಯ ಪಶ್ಚಿಮಕ್ಕೆ ಕಾವೇರಿಗೆ ಅಡ್ಡಲಾಗಿ ಕಟ್ಟೆಗೆ ಅಡಿಗಲ್ಲು ಹಾಕಿದ ವಿಚಾರ ಅದರಲ್ಲಿದೆ. ನಮ್ಮ ಗಮನ ಸೆಳೆಯುವುದು ಅಡಿಗಲ್ಲಿಗಿಂತ ಹೆಚ್ಚಾಗಿ ಅದರ ಷರತ್ತುಗಳು. ಆ ನೀರಿನಿಂದ ಹೊಸದಾಗಿ ಸಾಗುವಳಿ ಮಾಡುವವರಿಗೆ ಸರ್ಕಾರದ ಪಾಲಿನಲ್ಲಿ ನಾಲ್ಕನೇ ಒಂದು ಭಾಗವನ್ನು ದೇವರ ಹೆಸರಿನಲ್ಲಿ ಬಿಡಲಾಗಿದೆ. ಆ ಭೂಮಿ ತಲೆಮಾರಿನಿಂದ ತಲೆಮಾರಿಗೆ, ಭೂಮಿ ಆಕಾಶ ಇರುವವರೆಗೂ ಅವರದೇ. ಇದಕ್ಕೆ ಅಡ್ಡಿ ಮಾಡಿದವನು ಮನುಷ್ಯಕುಲದ ಶತ್ರು ಎಂದು ಕಟುವಾದ ಶಾಪವೂ ಇದೆ.

ಯೋಚಿಸಿ ನೋಡಿದರೆ ಇಲ್ಲಿ ಮೂರು ಸಂಗತಿಗಳು ಕೂಡಿವೆ. ಏನನ್ನು ಕೊಟ್ಟಿದೆ ಎಂಬುದು ಸ್ಪಷ್ಟ. ಕೊಟ್ಟದ್ದನ್ನು ಮುಂದಿನವರೂ ಹಿಂದಕ್ಕೆ ಪಡೆಯುವಂತಿಲ್ಲ. ಪಡೆಯಲು ಬಂದವನಿಗೆ ಏನಾಗುತ್ತದೆ ಎಂಬುದನ್ನೂ ಹೇಳಿದೆ. ದೊರೆ ಉದಾರಿಯೋ ಇಲ್ಲವೋ ಎಂಬುದನ್ನು ರೈತ ನಂಬಿ ಕೂರಬೇಕಿಲ್ಲ. ನಾಳೆ ಬೇರೊಬ್ಬ ದೊರೆ ಬಂದರೂ ಕಲ್ಲು ಅಲ್ಲೇ ಇರುತ್ತದೆ. ಹಾಗೆಂದು ಕಲ್ಲೊಂದರಿಂದಲೇ ನೀರು ಹರಿಯಲಿಲ್ಲ ಎಂಬುದೂ ನಿಜ. 1799ರಲ್ಲಿ ಟಿಪ್ಪು ಮಡಿದ. ಕಟ್ಟೆ ಆಗಲು ಇನ್ನೂ ನೂರಕ್ಕೂ ಹೆಚ್ಚು ವರ್ಷ, ಇನ್ನೊಂದು ಆಡಳಿತ, ವಿಶ್ವೇಶ್ವರಯ್ಯನವರು ಮತ್ತು ಸಾವಿರಾರು ಕೂಲಿಗಳು ಬೇಕಾದರು. ಘೋಷಣೆ ಬೇರೆ, ಕಾಲುವೆ ಬೇರೆ.

ಈ ಅಳತೆಗೋಲು ಹಿಡಿದು ಕನ್ನಡ ತಂತ್ರಾಂಶದ ಚರಿತ್ರೆ ನೋಡೋಣ. 1998ರಲ್ಲಿ ಶೇಷಾದ್ರಿವಾಸು ಅವರ ‘ಬರಹ’ ಬಂತು. ಆಮೇಲೆ ಸರ್ಕಾರದ ಬೆಂಬಲದಿಂದ ಕನ್ನಡ ಗಣಕ ಪರಿಷತ್ತಿನ ‘ನುಡಿ’ ಬಂತು. ಅದರ ಕೀಲಿಮಣೆಗೆ ಆಧಾರವಾದದ್ದು ಕೆ.ಪಿ. ರಾವ್ ಅವರು ರೂಪಿಸಿ ಎಲ್ಲರಿಗೂ ಬಿಟ್ಟುಕೊಟ್ಟ ವಿನ್ಯಾಸ. ಮಂಡ್ಯ ಜಿಲ್ಲೆಯ ತಾಲೂಕು ಕಚೇರಿಗಳಿರಲಿ, ಕೆ.ಆರ್.ಪೇಟೆಯ ಬಸ್ ನಿಲ್ದಾಣದ ಬಳಿ ಅರ್ಜಿ ಟೈಪು ಮಾಡಿಕೊಡುವ ಅಂಗಡಿಯಿರಲಿ, ಕನ್ನಡ ಕಂಪ್ಯೂಟರಿನ ಮೇಲೆ ಮೂಡಿದ್ದು ಈ ಎರಡು ಹೆಸರುಗಳಿಂದ. ಎರಡೂ ಪುಕ್ಕಟೆ ಸಿಗುತ್ತಿದ್ದವು. ಅವುಗಳ ಉಪಕಾರವನ್ನು ಅಲ್ಲಗಳೆಯುವವನು ಕೃತಘ್ನ. ಆದರೆ ಪುಕ್ಕಟೆ ಎಂಬುದಕ್ಕೂ ಮುಕ್ತ ಎಂಬುದಕ್ಕೂ ಇರುವ ಅಂತರ ನಮಗೆ ಅರ್ಥವಾದದ್ದು ತಡವಾಗಿ. ವಿಗ್ರಹ ಬಿಟ್ಟಿಯಾಗಿ ಬಂದಿತ್ತು, ಎರಕದ ವಿದ್ಯೆ ಬಂದಿರಲಿಲ್ಲ. ಬರಹದ ಮುಂದಿನ ಆವೃತ್ತಿಗಳಿಗೆ ಬೆಲೆ ಬಂತು. ಅದನ್ನು ದುಡಿದು ಮಾಡಿದವರ ಹಕ್ಕು ಅದು, ಅದನ್ನು ನಾವು ದೂರುವುದಿಲ್ಲ. ಆದರೆ ಬಳಸಿದವರಿಗೆ ಬೇರೆ ದಾರಿಯೇನೂ ಇರಲಿಲ್ಲ ಎಂಬುದನ್ನು ಮಾತ್ರ ಗುರುತಿಸಬೇಕು.

ಇನ್ನೊಂದು ತೊಡಕು ಅಕ್ಷರಗಳ ಒಳಗೇ ಇತ್ತು. ಆ ಕಾಲದ ಫಾಂಟ್‌ಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿದ್ದವು. ತಲಕಟ್ಟು ಒಂದು ಕಡೆ, ಕೊಂಬು ಒಂದು ಕಡೆ, ಒತ್ತು ಮತ್ತೊಂದು ಕಡೆ. ಆ ಫಾಂಟ್ ಇಲ್ಲದ ಯಂತ್ರದಲ್ಲಿ ಕಡತ ತೆರೆದರೆ ಕಾಣುವುದು ಕನ್ನಡವಲ್ಲ, ಗೀಚು. ಲಕ್ಷಾಂತರ ಪುಟಗಳು ಹೀಗೆ ಒಂದು ಫಾಂಟಿನ ಸೆರೆಯಲ್ಲಿ ಉಳಿದವು. ಯೂನಿಕೋಡ್ ಬಂದ ಮೇಲೆ ಅವುಗಳನ್ನು ಬಿಡಿಸಿ ತರುವ ಪರಿವರ್ತಕಗಳನ್ನು ಬರೆದು ಕೋಡ್ ಸಮೇತ ಹೊರಗಿಟ್ಟವರಲ್ಲಿ ಸ್ವಯಂಸೇವಕರೂ ಇದ್ದಾರೆ. ‘ಗುಬ್ಬಿ’, ‘ನವಿಲು’ ಎಂಬ ಮುಕ್ತ ಫಾಂಟ್‌ಗಳನ್ನು ಮಾಡಿದ ಅರವಿಂದ ವಿ.ಕೆ. ಅವರು ಇಂಥವರಲ್ಲಿ ಒಬ್ಬರು.

ಇಂಥ ಹೊತ್ತಿನಲ್ಲಿ ಕಂಪೆನಿಗಳು ಬಿಟ್ಟುಕೊಟ್ಟದ್ದು ಏನು? ಬೆಂಗಳೂರಿನ ಸೈಬರ್‌ಸ್ಕೇಪ್ ಮಲ್ಟಿಮೀಡಿಯಾ ತನ್ನ ‘ಆಕೃತಿ’ ಬಳಗದ ಕೆಲವು ಫಾಂಟ್‌ಗಳನ್ನು ಮುಕ್ತ ಲೈಸೆನ್ಸಿನಲ್ಲಿ ಕೊಟ್ಟಿತು. ರೆಡ್ ಹ್ಯಾಟ್ ಕಂಪೆನಿ 2004ರಲ್ಲಿ ‘ಲೋಹಿತ್’ ಫಾಂಟ್‌ಗಳನ್ನು ಮೊದಲು ಐದು ಭಾಷೆಗಳಿಗೆ ಬಿಡುಗಡೆ ಮಾಡಿತು. ಮುಂದೆ ಕನ್ನಡಕ್ಕೂ ಬಂತು. 2011ರಲ್ಲಿ ಅವುಗಳ ಲೈಸೆನ್ಸನ್ನು ಇನ್ನಷ್ಟು ಸಡಿಲಿಸಿತು. ಲಿನಕ್ಸ್ ಹಾಕಿಕೊಂಡು ಕನ್ನಡ ಓದಬೇಕೆಂದವರಿಗೆ ಅನೇಕ ವರ್ಷ ಲೋಹಿತವೇ ಗತಿ.

ಟೆಸರಾಕ್ಟ್‌ನ ಕಥೆ ಇನ್ನೂ ಸ್ವಾರಸ್ಯದ್ದು. ಅಚ್ಚಾದ ಪುಟದ ಚಿತ್ರವನ್ನು ಓದಿ ಅಕ್ಷರಗಳಾಗಿ ಕೊಡುವ ತಂತ್ರಾಂಶ ಅದು. ಹ್ಯೂಲೆಟ್ ಪ್ಯಾಕರ್ಡ್ ಕಂಪೆನಿಯ ಪ್ರಯೋಗಾಲಯದಲ್ಲಿ 1985ರಿಂದ 1994ರವರೆಗೆ ಬೆಳೆದು, ಆಮೇಲೆ ಹತ್ತು ವರ್ಷ ಕಪಾಟಿನಲ್ಲಿ ಧೂಳು ತಿಂದಿತು. 2005ರಲ್ಲಿ ಕಂಪೆನಿ ಅದರ ಕೋಡ್ ಹೊರಗಿಟ್ಟಿತು. 2006ರಿಂದ ಗೂಗಲ್ ಅದಕ್ಕೆ ಬೆಂಬಲ ಕೊಟ್ಟಿತು, ಕನ್ನಡವೂ ಸೇರಿ ನೂರಕ್ಕೂ ಹೆಚ್ಚು ಭಾಷೆಗಳು ಸೇರಿದವು. ಗೂಗಲ್ ಕೈಬಿಟ್ಟ ಮೇಲೂ ಅದು ಸಾಯಲಿಲ್ಲ. ಈಚಿನ ವರ್ಷಗಳಲ್ಲಿ ಮುಖ್ಯವಾಗಿ ಸ್ವಯಂಸೇವಕರೇ ಅದನ್ನು ನಡೆಸುತ್ತಿದ್ದಾರೆ. ಇಬ್ಬರು ಧಣಿಗಳು ಬಿಟ್ಟುಹೋದ ಮೇಲೂ ಉಳಿದದ್ದು ಪತ್ರ ಗಟ್ಟಿಯಾಗಿದ್ದರಿಂದ. ಹಳೆಯ ಕನ್ನಡ ಪತ್ರಿಕೆಯ ರಾಶಿಯನ್ನು ಸ್ಕ್ಯಾನ್ ಮಾಡಿಟ್ಟುಕೊಂಡ ಯಾವ ಊರಿನ ಓದುಗನೂ ಇಂದು ಅದನ್ನು ಯಾರನ್ನೂ ಕೇಳದೆ ಬಳಸಬಹುದು. ಒತ್ತಕ್ಷರಗಳಲ್ಲಿ ಎಡವುತ್ತದೆ, ನಿಜ. ಆದರೆ ಎಡವಿದಲ್ಲಿ ತಿದ್ದಲು ಬಾಗಿಲು ತೆರೆದಿದೆ.

ಹಾಗಾದರೆ ಕಂಪೆನಿಗಳು ಯಾಕೆ ಕೊಡುತ್ತವೆ? ಪುಣ್ಯಕ್ಕಂತೂ ಅಲ್ಲ. ಸನ್ ಮೈಕ್ರೋಸಿಸ್ಟಮ್ಸ್ 1999ರಲ್ಲಿ ಜರ್ಮನಿಯ ಸ್ಟಾರ್ ಡಿವಿಷನ್ ಕಂಪೆನಿಯನ್ನು ಕೊಂಡು, 2000ದಲ್ಲಿ ಸ್ಟಾರ್ ಆಫೀಸಿನ ಕೋಡ್ ಬಿಡುಗಡೆ ಮಾಡಿದ್ದು ಮೈಕ್ರೋಸಾಫ್ಟಿನ ಆಫೀಸ್ ತಂತ್ರಾಂಶದ ಬಲ ಮುರಿಯಲು. ಎದುರಾಳಿ ಮಾರುವ ವಸ್ತುವನ್ನು ಪುಕ್ಕಟೆ ಹಂಚಿದರೆ ಅವನ ಅಂಗಡಿಗೆ ಪೆಟ್ಟು ಬೀಳುತ್ತದೆ ಎಂಬುದು ಸಂತೆಯಲ್ಲಿ ಕೂತ ಯಾರಿಗೂ ಗೊತ್ತಿರುವ ಲೆಕ್ಕ. ಕೆಲವರು ಲಾಭ ತೀರಿದ ಸರಕನ್ನು ಹೊರಹಾಕುತ್ತಾರೆ. ಕೆಲವರಿಗೆ ಬೇರೆಯವರ ಬೆವರಿನಲ್ಲಿ ತಮ್ಮ ತಂತ್ರಾಂಶ ಬೆಳೆಯಲಿ ಎಂಬ ಆಸೆ. ಇಂಥ ಉದ್ದೇಶವನ್ನು ತಿಳಿದೂ ಪಡೆಯುವುದು ನೈತಿಕವಾಗಿ ಸರಿಯೇ?

ಸರಿ ಎಂದೇ ನಮ್ಮ ಅಭಿಪ್ರಾಯ. ದಾನದಲ್ಲಿ ನಿಯ್ಯತ್ತು ದೊಡ್ಡದು ಎಂದು ನಾವು ಕೇಳಿಕೊಂಡು ಬೆಳೆದಿದ್ದೇವೆ. ಆದರೆ ನಿಯ್ಯತ್ತಿನ ಲೆಕ್ಕ ಕೊಟ್ಟವನಿಗೂ ದೇವರಿಗೂ ನಡುವಿನದು. ಪಡೆದವನು ನೋಡಬೇಕಾದದ್ದು ಪತ್ರದಲ್ಲಿ ಏನಿದೆ ಎಂಬುದನ್ನು. ವಕ್ಫ್ ಮಾಡಿದ ಆಸ್ತಿಯ ಒಳ ನ್ಯಾಯವೂ ಇದೇ. ಕೊಟ್ಟವನು ಹೆಸರಿಗಾಗಿ ಕೊಟ್ಟನೋ ಭಕ್ತಿಯಿಂದ ಕೊಟ್ಟನೋ, ಒಮ್ಮೆ ಬಿಟ್ಟ ಮೇಲೆ ಅದನ್ನು ಮಾರುವಂತಿಲ್ಲ, ಮಕ್ಕಳಿಗೆ ಹಂಚುವಂತಿಲ್ಲ, ಮರಳಿ ಪಡೆಯುವಂತಿಲ್ಲ. ಸನ್ ಕಂಪೆನಿಯನ್ನು ಒರಾಕಲ್ 2010ರಲ್ಲಿ ಕೊಂಡಾಗ ಇದರ ಪರೀಕ್ಷೆ ನಡೆಯಿತು. ಹೊಸ ಧಣಿಯ ರೀತಿ ಒಪ್ಪದ ಅಭಿವೃದ್ಧಿಗಾರರು ಅದೇ ವರ್ಷ ಕೋಡ್ ಸಮೇತ ಹೊರನಡೆದು ‘ಲಿಬ್ರೆ ಆಫೀಸ್’ ಕಟ್ಟಿದರು. ಒರಾಕಲ್‌ಗೆ ತಡೆಯಲು ಸಾಧ್ಯವಿರಲಿಲ್ಲ. ಇಂದು ಕನ್ನಡದ ಮೆನುಗಳೊಂದಿಗೆ ಅದು ಸಿಗುತ್ತದೆ. ಕೊಟ್ಟವನ ಉದ್ದೇಶ ಯಾವ ಮೂಲೆಗೆ ಹೋಯಿತೋ, ಕೊಟ್ಟದ್ದು ಉಳಿಯಿತು.

ಇಷ್ಟು ಹೇಳಿ ಮುಗಿಸಿದರೆ ಅದು ಅರ್ಧ ಮಾತಾಗುತ್ತದೆ. ಇನ್ನೊಂದು ದನಿಯ ಭಯಕ್ಕೂ ಕಿವಿಗೊಡಬೇಕು.

ಬೆಲೆಯ ಭಯ ಮೊದಲನೆಯದು. ಒಬ್ಬ ಹುಡುಗ ನಾಲ್ಕು ವರ್ಷ ಕೂತು ಒಂದು ಫಾಂಟ್ ಮಾಡಿರುತ್ತಾನೆ. ಗೂಗಲ್ ತನ್ನ ‘ನೋಟೊ’ ಬಳಗದ ಕನ್ನಡ ಫಾಂಟನ್ನು ಮುಕ್ತವಾಗಿ ಕೊಟ್ಟು ಕೋಟಿಗಟ್ಟಲೆ ಫೋನುಗಳಲ್ಲಿ ಮೊದಲೇ ಕೂರಿಸಿದರೆ ಅವನ ಫಾಂಟನ್ನು ಹುಡುಕಿಕೊಂಡು ಹೋಗುವವರು ಯಾರು? ಈ ನೋವು ನಿಜ. ಆದರೆ ಇಲ್ಲಿ ಒಂದು ಮುಜುಗರದ ಪ್ರಶ್ನೆಯೂ ಇದೆ. ಆ ಹುಡುಗ ತನ್ನ ಫಾಂಟನ್ನು ಪುಕ್ಕಟೆ ಕೊಟ್ಟಾಗ ಫಾಂಟ್ ಮಾರಿ ಬದುಕುತ್ತಿದ್ದ ಸಣ್ಣ ಅಂಗಡಿಗೂ ಇದೇ ಆಗಿತ್ತಲ್ಲವೇ? ಜ್ಞಾನ ಹಂಚಬೇಕು ಎಂದು ನಂಬಿದವನು, ನನಗಿಂತ ದೊಡ್ಡವನೂ ಹಂಚಿದ ಎಂದು ದೂರಲಾಗದು. ಬೆಲೆ ಬಿತ್ತು ಎಂಬುದಷ್ಟೇ ದೂರಾದರೆ ಅದು ನಿಲ್ಲುವುದಿಲ್ಲ.

ನಿಲ್ಲುವ ದೂರು ಬೇರೆ. ಅದನ್ನು ತಿಳಿಯಲು ಮತ್ತೆ ನೀರಿನ ಬಳಿಗೆ ಹೋಗಬೇಕು. ಕಾವೇರಿಯ ಸೀಮೆಯಲ್ಲಿ ಕೆರೆ ಎಂದರೆ ಬರೀ ಗುಂಡಿಯಲ್ಲ. ಪಾಂಡವಪುರ ತಾಲೂಕಿನ ತೊಣ್ಣೂರು ಕೆರೆ ಜನರ ಬಾಯಲ್ಲಿ ರಾಮಾನುಜರ ಹೆಸರಿನೊಂದಿಗೆ ಬೆಸೆದಿದೆ, ಮೋತಿ ತಾಲಾಬ್ ಎಂಬ ಹೆಸರನ್ನೂ ಹೊತ್ತಿದೆ. ಇಂಥ ಕೆರೆಗಳನ್ನು ಕಟ್ಟಿದವರ ಹೆಸರು ಶಾಸನದಲ್ಲಿದೆ. ಕಾದವನು ನೀರಗಂಟಿ. ತೂಬು ಯಾವಾಗ ತೆರೆಯಬೇಕು, ಯಾರ ಗದ್ದೆಗೆ ಎಷ್ಟು ಹೊತ್ತು, ಏರಿಯಲ್ಲಿ ಬಿಲ ಎಲ್ಲಿದೆ ಎಂಬುದು ಅವನ ವಿದ್ಯೆ. ಹಳಬರಿಗೆ ಇನ್ನೊಂದು ವಿವೇಕವೂ ಇತ್ತು. ಕೆರೆ ಕಟ್ಟಿದವನಿಗೆ, ಕಾಯುವವನಿಗೆ ಕೊಡಗಿ ಎಂದು ಭೂಮಿ ಬಿಡುತ್ತಿದ್ದರು. ಎಲ್ಲರದ್ದನ್ನು ಕಾಯುವವನ ಹೊಟ್ಟೆ ಎಲ್ಲರ ಕೃತಜ್ಞತೆಯಿಂದ ತುಂಬುವುದಿಲ್ಲ ಎಂದು ಅವರಿಗೆ ಗೊತ್ತಿತ್ತು. ಕಂಠೀರವ ನರಸರಾಜರ ಕಾಲದ ಬಂಗಾರದೊಡ್ಡಿ ನಾಲೆ ಶ್ರೀರಂಗಪಟ್ಟಣದಲ್ಲಿ ಇಂದಿಗೂ ಉಳಿದಿದೆ. ಒಡೆಯರು, ಹೈದರ್, ಟಿಪ್ಪು, ಕಮಿಷನರುಗಳು, ಈಗಿನ ಇಲಾಖೆ ಹೀಗೆ ಎಷ್ಟು ಕೈ ಬದಲಾದರೂ ಯಾರೋ ಹೂಳು ತೆಗೆಯುತ್ತಲೇ ಬಂದರು.

ವಿಶ್ವೇಶ್ವರಯ್ಯ ನಾಲೆ ಬಂದಾಗ ಮಂಡ್ಯದ ಸೀಮೆ ಹಸಿರಾಯಿತು. ಅದನ್ನು ಶಾಪ ಎನ್ನುವವನು ಈ ಸೀಮೆಯ ಅನ್ನ ಉಂಡವನಲ್ಲ. ಆದರೆ ದೊಡ್ಡ ನೀರು ತಾನಾಗಿ ಬಂದ ಕಡೆ ಸಣ್ಣ ನೀರನ್ನು ಕಾಯುವ ರೂಢಿ ಸಡಿಲಾಯಿತು. ಹೂಳು ತೆಗೆಯುವ ಸರದಿ ತಪ್ಪಿತು, ನೀರಗಂಟಿಯ ಮಗ ಬೇರೆ ಕೆಲಸ ಹುಡುಕಿದ. ಮೇಲಿನ ಅಣೆಕಟ್ಟಿನಲ್ಲಿ ಗೇಟು ಇಳಿಸಿದ ವರ್ಷ ನಾಲೆಯ ರೈತನಿಗೆ ಕೆರೆಯ ನೆನಪಾಗುತ್ತದೆ. ಆಗ ಅಲ್ಲಿರುವುದು ಹೂಳು ಮತ್ತು ಒತ್ತುವರಿ. ನಾಲೆ ಸುಲಭವಾಗಿ ಹತ್ತದ ನಾಗಮಂಗಲದ ಮೇಲು ನೆಲದಲ್ಲಿ ಕೆರೆಯ ಮೇಲಿನ ನಿಗಾ ತಪ್ಪಿದರೆ ಬದುಕೇ ತಪ್ಪಿತು.

ಕಂಪೆನಿಯ ಕೋಡ್ ತರುವ ಅಪಾಯ ಈ ಜಾತಿಯದು. ಬಿಟ್ಟುಕೊಟ್ಟ ಕೋಡ್ ಕೆಡುಕಲ್ಲ. ಅದು ಬಂತೆಂದು ನಮ್ಮ ಕೈ ಕೆಲಸ ಮರೆತರೆ ಕೆಡುಕು. ಕೋಡನ್ನು ಯಾರೂ ತಿದ್ದಲಾಗದಷ್ಟು ಜಟಿಲ ಮಾಡಿ, ತಿದ್ದುಪಡಿಗಳನ್ನು ಒಪ್ಪುವ ಅಧಿಕಾರವನ್ನು ಕಂಪೆನಿಯೇ ಇಟ್ಟುಕೊಂಡು, ದಾರಿ ಎತ್ತ ತಿರುಗಬೇಕೆಂದು ತಾನೇ ನಿರ್ಧರಿಸಿದರೆ, ಹೊರಗಿನ ಅಭಿವೃದ್ಧಿಗಾರ ಕೂಲಿಯಿಲ್ಲದ ಕೂಲಿಯಾಗುತ್ತಾನೆ. ತೂಬು ಅವರ ಕೈಯಲ್ಲಿ, ಹೂಳು ಎತ್ತುವುದು ನಮ್ಮ ತಲೆಯಲ್ಲಿ. ಲೋಹಿತ್ ಕೊಟ್ಟ ರೆಡ್ ಹ್ಯಾಟ್ ಕಂಪೆನಿಯನ್ನು ಐಬಿಎಂ 2019ರಲ್ಲಿ ಕೊಂಡಿತು. 2023ರ ಜೂನಿನಲ್ಲಿ ಅದೇ ರೆಡ್ ಹ್ಯಾಟ್ ತನ್ನ ಮುಖ್ಯ ಲಿನಕ್ಸ್‌ನ ಸೋರ್ಸ್ ಕೋಡ್ ಸಾರ್ವಜನಿಕವಾಗಿ ಸಿಗುವ ದಾರಿಯನ್ನು ಕಿರಿದು ಮಾಡಿತು. ಅದನ್ನು ನಂಬಿ ಕಟ್ಟಿದ್ದವರು ಹೊಸ ದಾರಿ ಹುಡುಕಬೇಕಾಯಿತು. ಕೊಟ್ಟ ಫಾಂಟನ್ನು ಮಾತ್ರ ಹಿಂಪಡೆಯಲಾಗಲಿಲ್ಲ. ಪತ್ರ ಇದ್ದುದಕ್ಕೂ ನಾಳೆಯ ನೀರಿನ ಭರವಸೆ ಇಲ್ಲದ್ದಕ್ಕೂ ಇರುವ ವ್ಯತ್ಯಾಸ ಒಂದೇ ಕಂಪೆನಿಯಲ್ಲಿ ಕಾಣುತ್ತದೆ.

ಕೊಡಗಿಯ ಮಾತಿಗೆ ಬಂದರೆ ಲೋಕದ ಸ್ಥಿತಿ ನಾಚಿಕೆಗೇಡು. 2014ರಲ್ಲಿ ಓಪನ್ ಎಸ್‌ಎಸ್‌ಎಲ್ ಎಂಬ ತಂತ್ರಾಂಶದಲ್ಲಿ ‘ಹಾರ್ಟ್‌ಬ್ಲೀಡ್’ ಎಂಬ ಬಿರುಕು ಕಂಡಿತು. ಬ್ಯಾಂಕುಗಳ, ದೊಡ್ಡ ಕಂಪೆನಿಗಳ ಗುಟ್ಟನ್ನೆಲ್ಲ ಕಾಯುತ್ತಿದ್ದ ಆ ಕೋಡನ್ನು ನೋಡಿಕೊಳ್ಳುತ್ತಿದ್ದವರು ಬೆರಳೆಣಿಕೆಯ ಜನ. 2024ರಲ್ಲಿ ಎಕ್ಸ್‌ಜೆಡ್ ಎಂಬ ಸಣ್ಣ ತಂತ್ರಾಂಶದಲ್ಲಿ ಕಳ್ಳಗಿಂಡಿ ಪತ್ತೆಯಾಯಿತು. ಅದನ್ನು ಬಹುಕಾಲ ಒಬ್ಬನೇ ನಡೆಸುತ್ತಿದ್ದ, ದಣಿದಿದ್ದ. ಸಹಾಯಕನ ವೇಷದಲ್ಲಿ ಬಂದವರು ವರ್ಷಗಟ್ಟಲೆ ನಂಬಿಕೆ ಗಳಿಸಿ ಒಳಗೆ ಸೇರಿದ್ದರು. ಒಬ್ಬ ನೀರಗಂಟಿಯ ಸುಸ್ತಿನ ಮೇಲೆ ಜಗತ್ತಿನ ಏರಿ ನಿಂತಿತ್ತು. ಕೋಟಿಗಟ್ಟಲೆ ಲಾಭ ಮಾಡುವ ಕಂಪೆನಿ ತನ್ನ ಹಳೆಯ ಕೋಡ್ ಬಿಟ್ಟುಕೊಟ್ಟು ಪತ್ರಿಕೆಯಲ್ಲಿ ಫೋಟೋ ಹಾಕಿಸಿಕೊಳ್ಳುವುದಕ್ಕಿಂತ, ತಾನು ದಿನವೂ ಬಳಸುವ ಇಂಥ ಕೋಡನ್ನು ಕಾಯುವವನಿಗೆ ಕೊಡಗಿ ಬಿಟ್ಟರೆ ಹೆಚ್ಚು ಉಪಕಾರ. ಕೋಡ್ ದಾನಕ್ಕಿಂತ ಕೊಡಗಿ ದಾನ ಅಪರೂಪ, ಯಾಕೆಂದರೆ ಅದಕ್ಕೆ ಪ್ರತಿವರ್ಷ ದುಡ್ಡು ಬೇಕು.

ಈಗ ಹೊಸದೊಂದು ಬಗೆಯ ದಾನ ಬಂದಿದೆ. ಮೆಟಾ ಕಂಪೆನಿ 2023ರ ಜುಲೈಯಲ್ಲಿ ‘ಲಾಮಾ 2’ ಎಂಬ ಭಾಷಾ ಮಾದರಿಯನ್ನು ಹೊರಗಿಟ್ಟು ಅದನ್ನು ಮುಕ್ತ ಎಂದು ಕರೆಯಿತು. ಕನ್ನಡಕ್ಕೆ ಅದರಿಂದ ಪ್ರಯೋಜನವಾಗದೆ ಇಲ್ಲ. ಅದರ ಮೇಲೆಯೇ ಕನ್ನಡದ ತರಬೇತಿ ಕೊಟ್ಟು ‘ಕನ್-ಲಾಮಾ’ ಎಂಬುದನ್ನು 2024ರ ಆರಂಭದಲ್ಲಿ ಹೊರತಂದರು. ಆದರೆ ಪತ್ರ ಓದಿದರೆ ಷರತ್ತುಗಳಿವೆ. ಯಾವ ಬರಹಗಳನ್ನು ತಿನ್ನಿಸಿ ಅದನ್ನು ಬೆಳೆಸಿದರೆಂಬುದನ್ನು ಕಂಪೆನಿ ಬಿಚ್ಚಿಡಲಿಲ್ಲ. ವಿಗ್ರಹವನ್ನು ಕೊಟ್ಟು, ಬೇಕಾದರೆ ಬಣ್ಣ ಬಳಿದುಕೊಳ್ಳಿ ಎಂದ ಹಾಗೆ. ಮುಕ್ತ ತಂತ್ರಾಂಶದ ವ್ಯಾಖ್ಯಾನ ಕಾಯುವ ಸಂಸ್ಥೆ ಇದನ್ನು ಮುಕ್ತ ಎಂದು ಒಪ್ಪಲಿಲ್ಲ. ನಮಗೆ ನಿಜವಾದ ಬೆದರಿಕೆ ಕಾಣುವುದು ಇಲ್ಲಿ. ಬೀಗ ಹಾಕಿದ್ದನ್ನು ಬೀಗ ಎಂದು ಕರೆದರೆ ಎದುರಿಸಬಹುದು. ಬೀಗಕ್ಕೇ ಬಾಗಿಲು ಎಂದು ಹೆಸರಿಟ್ಟರೆ, ಇಪ್ಪತ್ತು ಮೂವತ್ತು ವರ್ಷ ಆ ಮಾತನ್ನು ಕಾಪಾಡಿಕೊಂಡು ಬಂದವರ ದುಡಿಮೆ ಕದ್ದ ಹಾಗೆ.

ಕಂಪೆನಿಗಳನ್ನು ಪ್ರಶ್ನಿಸುವ ನಾವು ನಮ್ಮ ಸರ್ಕಾರವನ್ನೂ ಕೇಳಬೇಕು. ಸಾರ್ವಜನಿಕ ಹಣದಲ್ಲಿ ಬರೆಸಿದ ಕನ್ನಡ ತಂತ್ರಾಂಶದ ಕೋಡ್ ಸಾರ್ವಜನಿಕರದ್ದೇ ಆಗಬೇಕು, ಅದನ್ನು ಕಾಯುವವರಿಗೆ ಸಂಬಳ ಇರಬೇಕು. ಈ ನಾಲ್ಕು ತಾಲೂಕುಗಳಿಂದ ಎಂಜಿನಿಯರಿಂಗ್ ಓದಿ ಬೆಂಗಳೂರಿಗೆ ಹೋದವರು ಕಡಿಮೆಯೇನಿಲ್ಲ. ಹಗಲೆಲ್ಲ ಯಾರದೋ ಬೀಗದ ಕೋಡ್ ಬರೆದು ಬರುವ ಅವರಿಗೆ ರಾತ್ರಿ ಒಂದು ಗಂಟೆ ಕನ್ನಡಕ್ಕೆ ಕೊಡಿ ಎಂದು ಕೇಳುವುದು ಸುಲಭ. ಆ ಒಂದು ಗಂಟೆಗೆ ಯಾರು ಕೊಡಗಿ ಬಿಡುತ್ತಾರೆ ಎಂದು ಅವರು ತಿರುಗಿ ಕೇಳಿದರೆ ಕನ್ನಡದ ಹೆಸರಿನಲ್ಲಿ ಭಾಷಣ ಮಾಡುವವರ ಬಳಿ ಉತ್ತರ ಇದ್ದಂತಿಲ್ಲ.

ಕೆಲಸವಂತೂ ಕಾಯುತ್ತಿದೆ. ಹಳೆಯ ಫಾಂಟಿನ ಕಡತಗಳಲ್ಲಿ ಅರ್ಕಾವೊತ್ತು ಅಕ್ಷರದ ನಂತರ ಬರುತ್ತದೆ, ಯೂನಿಕೋಡಿನಲ್ಲಿ ಅದರ ರಕಾರ ಮೊದಲು ಬರಬೇಕು. ಪರಿವರ್ತಿಸುವಾಗ ಅದನ್ನು ಹಿಡಿದು ಹಿಂದಕ್ಕೆ ಕೂರಿಸದಿದ್ದರೆ ‘ಸೂರ್ಯ’ ಎಂಬ ಪದವೇ ಕೆಡುತ್ತದೆ. ಪರಿವರ್ತಕಗಳ ಕೋಡ್ ತೆರೆದೇ ಇದೆ. ಯಾವ ಫಾಂಟಿನ ಯಾವ ಒತ್ತು ಇನ್ನೂ ತಪ್ಪಾಗಿ ಬರುತ್ತಿದೆ ಎಂದು ಪಟ್ಟಿ ಮಾಡಲು ಎಂಜಿನಿಯರ್ ಆಗಬೇಕಿಲ್ಲ, ಅರ್ಜಿ ಟೈಪು ಮಾಡುವ ಅಂಗಡಿಯವನಿಗೆ ಅದು ಎಲ್ಲರಿಗಿಂತ ಚೆನ್ನಾಗಿ ಗೊತ್ತಿರುತ್ತದೆ.